ಹೊಲದೊಳಗೊಂದು ಅಂಗಳ

ಗೋಧಿ ಹುರಿಯುವ ವಾಸನೆ ಬಂದರೆ ಯಾರಿಗಾದರೂ ಬಾಯಲ್ಲಿ ನೀರು ಬರಬೇಕು. ನನಗೆ ಮಾತ್ರ ಕೈಗೆ ಬಕೆಟ್ ಬರುತ್ತದೆ. ಈ ಬೆಳಿಗ್ಗೆ ಧಾರವಾಡದ ಕೆಲಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಆ ವಾಸನೆ ಮೂಗಿಗೆ ತಾಗಿದ್ದಷ್ಟೇ ಗೊತ್ತು. ಮರುಗಳಿಗೆ ಬಚ್ಚಲಿನ ಬಕೆಟ್ ತುಳುಕಿಸುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೆಂಡತಿ ತಿರುಗಿಯೂ ನೋಡಲಿಲ್ಲ. "ಮಾದಲಿಗೆ ಗೋಧಿ ಹುರಿಯಾಕತ್ತೇನಿ. ಬಕೆಟ್ ಅಲ್ಲೇ ಇಡ್ರಿ, ನೆಲಾ ಒರಸೋದೈತಿ," ಅಂದಳು.

ನಾಳೆ ಎಳ್ಳ ಅಮಾವಾಸ್ಯೆ. ಶಿರಗುಪ್ಪಿಯ ಹೊಲಕ್ಕೆ ಹೋಗಬೇಕು, ಪೈರಿಗೆ ಎಡೆಯ ತುತ್ತುಗಳ ಚರಗ ಚೆಲ್ಲಬೇಕು, ಅಲ್ಲೇ ಕೂತು ಉಣ್ಣಬೇಕು. ಗೋಧಿ-ಬೆಲ್ಲದ ಸಿಹಿ ಮಾದಲಿ ಇಲ್ಲದೆ ಆ ಊಟವಿಲ್ಲ. ಹೋದ ವರ್ಷ ಇದೇ ಗೋಧಿ ಹುರಿಯುವ ದಿನ ನಾನು ಮನೆಯಲ್ಲಿ ನಿಲ್ಲಲಾಗದೆ ಕೆರೆಯ ಸುತ್ತ ಎರಡು ಸಲ ಸುತ್ತಿ ಬಂದಿದ್ದೆ. ನಡಿಗೆಗೆ ಬಂದವರೆಲ್ಲ ಆರೋಗ್ಯದ ಬಗ್ಗೆ ನನಗೆ ಕಾಳಜಿ ಹುಟ್ಟಿತೆಂದು ಸಂತೋಷಪಟ್ಟರು. ನಿಜ ಸಂಗತಿ ಹೇಳಿದರೆ ನೀವು ನಗುತ್ತೀರಿ. ಆದರೂ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಮ್ಮ ಚಿಗವ್ವ ಗೆದ್ದ ಕತೆಯೂ ಇದೆ.

ಚಿಗವ್ವ ಅಂದರೆ ನಮ್ಮ ಕಾಕಾನ ಹೆಂಡತಿ, ನೀಲವ್ವ. ಕಾಕಾ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮುಂದೆ ನಿಂತು ಮೂವತ್ತು ವರ್ಷ ಕಳೆದವನು. ನಮ್ಮಪ್ಪನೂ ನಾನೂ ಧಾರವಾಡ ಸೇರಿಕೊಂಡು ಮೇಷ್ಟರಾದೆವು. ಹೀಗಾಗಿ ಶಿರಗುಪ್ಪಿಯ ಹನ್ನೆರಡು ಎಕರೆ ಎರೆ ಹೊಲ ಇಡಿಯಾಗಿ ಚಿಗವ್ವನ ಕೈಗೆ ಬಂತು. ಗಂಡಸರು ಹೊಲ ಬಿಟ್ಟುಕೊಟ್ಟರು, ಸಲಹೆ ಕೊಡುವುದನ್ನು ಮಾತ್ರ ಬಿಡಲಿಲ್ಲ.

ಆಕೆ ಆ ಹೊಲವನ್ನು ಪಡುವಣದಿಂದ ಮೂಡಣಕ್ಕೆ ನಾಲ್ಕು ಪಟ್ಟಿ ಮಾಡಿದ್ದಳು. ಒಂದರಲ್ಲಿ ಗೋಧಿ, ಒಂದರಲ್ಲಿ ಕಡಲೆ, ಒಂದರಲ್ಲಿ ಬಿಳಿಜೋಳ. ನಾಲ್ಕನೆಯದರಲ್ಲಿ ಮುಂಗಾರಿಗೆ ಹೆಸರು ಬಿತ್ತಿ, ಕಾಯಿ ಬಿಡಿಸಿಕೊಂಡು, ಗಿಡವನ್ನು ಅಲ್ಲೇ ಮಣ್ಣಿಗೆ ಹೊರಳಿಸಿ, ಹಿಂಗಾರಿಗೆ ಏನನ್ನೂ ಬಿತ್ತದೆ ಬಿಡುವುದು. ಆ ಬರಿ ಪಟ್ಟಿಯಲ್ಲಿ ಕುರುಬರು ನಾಲ್ಕು ದಿನ ಕುರಿ ನಿಲ್ಲಿಸಿ ಹೋಗುತ್ತಿದ್ದರು. ಆಮೇಲೆ ಚಿಗವ್ವ ತಿಂಗಳಿಗೊಮ್ಮೆ ಕುಂಟೆ ಹೊಡೆಸಿ ಒಂದು ಹುಲ್ಲುಕಡ್ಡಿಯೂ ಏಳದಂತೆ ನೋಡಿಕೊಳ್ಳುತ್ತಿದ್ದಳು. ಮರುವರ್ಷ ಬರಿ ಪಟ್ಟಿಗೆ ಗೋಧಿ, ಗೋಧಿಯ ಪಟ್ಟಿಗೆ ಕಡಲೆ, ಕಡಲೆಯದಕ್ಕೆ ಜೋಳ, ಜೋಳದ ಪಟ್ಟಿಗೆ ಬಿಡುವು. ನಾಲ್ಕು ವರ್ಷಕ್ಕೊಮ್ಮೆ ಹೊಲ ಒಂದು ಸುತ್ತು ತಿರುಗಿ ಬರುತ್ತಿತ್ತು. ಇದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಅತ್ತೆ ಮಾಡುತ್ತಿದ್ದಳು, ತಾನೂ ಮಾಡಿದಳು. ನಡುವೆ ಕಡಲೆಯ ಮೇಲೆ ಕಡಲೆ ಬಿತ್ತಿದ ಒಂದು ವರ್ಷ ಸಿಡಿರೋಗ ಬಂದು ಹೂಬಿಟ್ಟ ಗಿಡಗಳು ನಿಂತಲ್ಲೇ ಒಣಗಿದ್ದನ್ನು ನೋಡಿ ಇನ್ನಷ್ಟು ಗಟ್ಟಿಯಾದಳು.

ಸುತ್ತಲಿನವರಿಗೆ ಆ ಬರಿ ಪಟ್ಟಿ ನಗೆಯ ವಸ್ತುವಾಗಿತ್ತು. ಗೋಧಿಗೆ ಒಳ್ಳೆಯ ರೇಟು ಬಂದಿದ್ದ ಕಾಲ ಅದು. ಪಡುವಣಕ್ಕೆ ಕಣ್ಣು ಹಾಯಿಸಿದಷ್ಟು ದೂರ ಎಲ್ಲರದೂ ಗೋಧಿ, ಮೂರು ವರ್ಷದಿಂದ ಗೋಧಿಯ ಮೇಲೆ ಗೋಧಿ. ಪಕ್ಕದ ಹೊಲದ ಫಕೀರಪ್ಪ ಬದುವಿನ ಮೇಲೆ ನಿಂತು ದಿನಾ ಒಂದು ಮಾತು ಒಗೆಯದೆ ಮನೆಗೆ ಹೋಗುತ್ತಿರಲಿಲ್ಲ.

"ನೀಲವ್ವಕ್ಕಾರ, ಹೊಲದಾಗ ಅಂಗಳಾ ಬಿಟ್ಟೀರಲ್ರಿ. ರಂಗೋಲಿ ಹಾಕಾವರೇನು?"

"ಹಾಕೋದಾದರ ನಿನ್ನನ್ನ ಕರಸ್ತೇನಿ ತಗೋ," ಅನ್ನುತ್ತಿದ್ದಳು ಚಿಗವ್ವ, ಸೊಂಟ ಬಗ್ಗಿಸಿದಲ್ಲಿಂದ ಎತ್ತದೆ.

ನಾನು ಫಕೀರಪ್ಪನ ಪಕ್ಷದವನು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು, ಮೂರು ಎಕರೆ ಭೂಮಿ ಅರ್ಧ ವರ್ಷ ಸುಮ್ಮನೆ ಬಿದ್ದಿರುವುದನ್ನು ನೋಡಿ ಹೇಗೆ ಸುಮ್ಮನಿರಲಿ? ಅಪ್ಪನ ಪಾಲೂ ಅದರಲ್ಲಿ ಇದ್ದುದರಿಂದ ಮಾತಾಡುವ ಹಕ್ಕಿದೆ ಎಂದುಕೊಂಡೆ. ಒಂದು ದಸರೆ ರಜೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಹೋಗಿ, ಕಟ್ಟೆಯ ಮೇಲೆ ಕೂತು, ಎಕರೆಗೆ ಗೋಧಿ ಎಷ್ಟು, ಕಡಲೆ ಎಷ್ಟು, ಜೋಳ ಎಷ್ಟು, ಬರಿ ಮಣ್ಣು ಎಷ್ಟು ಎಂದು ಪರದೆಯ ಮೇಲೆ ನಾಲ್ಕು ಕಂಬ ಎಬ್ಬಿಸಿ ತೋರಿಸಿದೆ. ನಾಲ್ಕನೆಯ ಕಂಬ ಇರಲೇ ಇಲ್ಲ, ನೆಲಕ್ಕೆ ಅಂಟಿದ ಒಂದು ಗೆರೆ. ಈ ಮೂರು ಎಕರೆ ಸುಮ್ಮನೆ ಬಿದ್ದಿದೆ ಅಂದೆ.

"ಬಿದ್ದಿಲ್ಲಪಾ, ಮಲಗೇತಿ," ಅಂದಳು. "ನಿನಗ ರಜಾದಾಗೂ ಪಗಾರ ಬರ್ತೈತಿ. ಹೊಲಕ್ಕ ಮಾತ್ರ ರಜಾ ಬ್ಯಾಡೇನು?"

ಪಗಾರದ ರಜೆಯಲ್ಲೇ ಬಂದು ಕೂತಿದ್ದ ನಾನು ಕಾಕಾನ ಕಡೆ ನೋಡಿದೆ. ಕಾಕಾ ನನ್ನ ಬೆಂಬಲಕ್ಕೆ ಬಂದ. ಮಷೀನು ಒಂದು ತಾಸು ನಿಂತರೂ ಮಾಲೀಕನಿಗೆ ನಷ್ಟ ಎಂದು ತಾರಿಹಾಳದ ಪಾಠ ಹೇಳಿದ. ಚಿಗವ್ವ ಗಂಡನ ಮುಖ ನೋಡದೆ, ಮೊರದ ಕಾಳು ಕೇರುತ್ತಲೇ ಕೇಳಿದಳು: "ಮಷೀನಿಗೆ ಎಣ್ಣಿ ಯಾವಾಗ ಬಿಡ್ತೀರಿ? ಓಡುವಾಗೋ, ನಿಂತಾಗೋ?" ಕಾಕಾ ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ಎತ್ತುಗಳು ಆಗಲೇ ಕುಡಿದಿದ್ದವು.

ಇಷ್ಟಾದರೂ ನಾವು ಬಿಡಲಿಲ್ಲ. ಮನೆಯ ಗಂಡಸರಿಬ್ಬರೂ ಎಂಟು ದಿನ ಒಂದೇ ಮಾತು ಆಡಿದರೆ ಎಂಥ ಹೆಂಗಸೂ ದಣಿಯುತ್ತಾಳೆ. ಒಂದು ದಿನ ಚಿಗವ್ವ, "ಹಂಗಾರ ಬಿತ್ತರಿ," ಅಂದುಬಿಟ್ಟಳು. ನಾನೇ ಹುಬ್ಬಳ್ಳಿಗೆ ಹೋಗಿ ಗೋಧಿಯ ಬೀಜದ ಚೀಲ ತಂದೆ. ನೆಲದಲ್ಲಿ ಒಳ್ಳೆಯ ಹಸಿ ಇತ್ತು. ಕೂರಿಗೆ ಕಟ್ಟಿದ್ದಾಯಿತು, ಎತ್ತು ಹೂಡಿದ್ದಾಯಿತು. ನಾನು ಪ್ಯಾಂಟು ಮಡಚಿಕೊಂಡು ಬರಿ ಪಟ್ಟಿಯ ಅಂಚಿಗೆ ನಿಂತೆ. ಆಗ ಚಿಗವ್ವ ಕೇಳಿದಳು:

"ಅಲ್ಲೋ ತಮ್ಮಾ, ಈ ವರ್ಷ ಇಲ್ಲಿ ಗೋಧಿ. ಮುಂದಿನ ವರ್ಷ ಇಲ್ಲಿ ಏನು? ಅದರ ಮುಂದಿನ ವರ್ಷ ಏನು? ಅದಷ್ಟು ಹೇಳು, ಬಿತ್ತೋಣಂತ."

ನನ್ನ ಲೆಕ್ಕದಲ್ಲಿ ಮುಂದಿನ ವರ್ಷ ಎಂಬುದೇ ಇರಲಿಲ್ಲ. ಒಂದು ವರ್ಷಕ್ಕೆ ಒಂದು ಕಂಬ ಎಬ್ಬಿಸಿ ಮುಗಿಸಿದ್ದೆ. ಬಿಡುವು ತೆಗೆದುಹಾಕಿದರೆ ಗೋಧಿಯ ಜಾಗಕ್ಕೆ ಮತ್ತೆ ಏನು ಬರಬೇಕು, ಗೋಧಿಯೇ ಬಂದರೆ ಏನಾಗುತ್ತದೆ, ಕಡಲೆ ಎಲ್ಲಿಗೆ ಹೋಗಬೇಕು, ಒಂದೂ ಗೊತ್ತಾಗಲಿಲ್ಲ. ಮೇಷ್ಟರಿಗೆ ಉತ್ತರ ಗೊತ್ತಿಲ್ಲದಾಗ ಮಾಡುವ ಕೆಲಸವನ್ನೇ ಮಾಡಿದೆ. ನೋಡಿ ಬಂದು ಹೇಳುತ್ತೇನೆ ಅಂದೆ. ಚಿಗವ್ವ ಎತ್ತು ಬಿಚ್ಚಿಸಿದಳು. ನಾನು ಧಾರವಾಡಕ್ಕೆ ಬಂದು ಪುಸ್ತಕ ತೆರೆದೆ. ಹತ್ತು ದಿನಕ್ಕೆ ಮೇಲ್ಮಣ್ಣಿನ ಹಸಿ ಆರಿತು, ಬಿತ್ತುವ ಹದ ಹೋಯಿತು. ಬೀಜದ ಚೀಲ ಮೂಲೆಯಲ್ಲೇ ಉಳಿಯಿತು, ಪಟ್ಟಿ ಬರಿದಾಗಿಯೇ ಉಳಿಯಿತು. ಅದನ್ನು ಉಳಿಸಿದ್ದು ನನ್ನ ವಿವೇಕವಲ್ಲ, ಸೋಮಾರಿತನ. ಇದನ್ನು ದಯವಿಟ್ಟು ನೆನಪಿಡಿ.

ಆ ಉತ್ತರ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಯಾಕೆಂದರೆ ಎಳೆ ಹಿಡಿದು ಎಳೆದಂತೆಲ್ಲ ನಾನು ಬಿಟ್ಟ ಬಾಬುಗಳು ಒಂದರ ಹಿಂದೊಂದು ಬರತೊಡಗಿದವು. ಜೋಳಕ್ಕೆ ರೇಟಿಲ್ಲ ಎಂದು ಬರೆದಿದ್ದೆ. ಅದರ ಕಣಿಕೆಯನ್ನು ಎತ್ತುಗಳು ವರ್ಷವಿಡೀ ತಿನ್ನುವುದನ್ನು ಬರೆದಿರಲಿಲ್ಲ. ಬರಿ ಪಟ್ಟಿಯಲ್ಲಿ ಕುರಿ ನಿಂತು ಹೋದ ಮರುವರ್ಷ ಚಿಗವ್ವ ಗೋಧಿಗೆ ಅರ್ಧ ಗೊಬ್ಬರವನ್ನೂ ಕೊಳ್ಳುತ್ತಿರಲಿಲ್ಲ; ಫಕೀರಪ್ಪ ಪ್ರತಿ ವರ್ಷ ಒಂದು ಚೀಲ ಹೆಚ್ಚಿಗೆ ಒಯ್ಯುತ್ತಿದ್ದ. ಎಲ್ಲರ ಗೋಧಿಯೂ ಒಂದೇ ವಾರದಲ್ಲಿ ಕೊಯ್ಲಿಗೆ ಬಂದರೆ ಆಳಿಗೆ ಬೇಡಿಕೆ, ಯಂತ್ರಕ್ಕೆ ಸರದಿ. ಎಲ್ಲರ ಚೀಲವೂ ಒಂದೇ ದಿನ ಪೇಟೆಗೆ ಇಳಿದರೆ ರೇಟು ಅಲ್ಲೇ ಕೂರುತ್ತದೆ. ಚಿಗವ್ವ ಮೂರು ಬೆಳೆಯನ್ನು ಮೂರು ಹೊತ್ತಿಗೆ, ಮನೆಯವರನ್ನೇ ಕಟ್ಟಿಕೊಂಡು ಕೊಯ್ದು, ಒಂದರ ರೇಟು ಮಲಗಿದ್ದಾಗ ಇನ್ನೊಂದನ್ನು ಮಾರುತ್ತಿದ್ದಳು. ಇದನ್ನೆಲ್ಲ ನಾಲ್ಕು ವರ್ಷದ ಉದ್ದಕ್ಕೆ ಹಾಸಿ ನೋಡಿದರೆ, ನೆಲಕ್ಕೆ ಅಂಟಿದ್ದ ಆ ಗೆರೆಯ ಮೇಲೆಯೇ ಉಳಿದ ಮೂರೂ ಕಂಬಗಳು ನಿಂತಿದ್ದವು. ನಾನು ಕ್ಲಾಸಿನಲ್ಲಿ ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದ ಪಾಠ ಅದು. ಎರೆ ಮಣ್ಣಿನಲ್ಲಿ ಕಂಡಾಗ ಗುರುತೇ ಸಿಕ್ಕಿರಲಿಲ್ಲ.

ಸೋಲನ್ನು ಒಪ್ಪಿಕೊಳ್ಳಲು ಫೆಬ್ರವರಿಯ ಒಂದು ರವಿವಾರ ಶಿರಗುಪ್ಪಿಗೆ ಹೋದೆ. ಹಾಳೆಗಳನ್ನು ನೀಟಾಗಿ ಪ್ರಿಂಟು ತೆಗೆದು ಬಗಲಚೀಲದಲ್ಲಿ ಇಟ್ಟುಕೊಂಡಿದ್ದೆ. ಸೋಲುವುದರಲ್ಲೂ ನಮಗೆ ಒಂದು ಠೀವಿ ಬೇಕು.

ಹೊಲ ತಲುಪಿದಾಗ ಮಧ್ಯಾಹ್ನ. ಪಡುವಣ ತುದಿಗೆ ಆ ಬರಿ ಪಟ್ಟಿ, ಕುಂಟೆ ಹೊಡೆದು ಕಪ್ಪಗೆ ನುಣ್ಣಗೆ. ಅದರ ಈಚೆಗೆ ಚಿಗವ್ವನ ಗೋಧಿ, ಕಾಯಿ ತುಂಬಿ ಒಣಗಿದ ಕಡಲೆ, ಆಮೇಲೆ ಕೊಯ್ದ ಜೋಳದ ಪಟ್ಟಿ. ಅದರ ತುದಿಗೆ ಕಣ, ಕಣದಲ್ಲಿ ತೆನೆಯ ರಾಶಿ, ಕಣಿಕೆಯ ಬಣವಿ, ಎತ್ತಿನ ಕೊಟ್ಟಿಗೆ. ಇಡೀ ವರ್ಷದ ಬಾಳು ಅಷ್ಟೂ ಮೂಡಣಕ್ಕೆ ಒಂದೇ ಸಾಲಿನಲ್ಲಿತ್ತು. ಬರಿ ಪಟ್ಟಿಯ ಆಚೆಗೆ ಫಕೀರಪ್ಪನ ಗೋಧಿ, ಸೊಂಟದೆತ್ತರ, ಕೊಯ್ಲಿಗೆ ಬಂದದ್ದು.

ಮರುದಿನ ಫಕೀರಪ್ಪನ ಹೊಲಕ್ಕೆ ಕಟಾವು ಯಂತ್ರ ಬರುವುದಿತ್ತು. ಅದು ಒಳಗೆ ಇಳಿಯಲು ದಾರಿ ಆಗಲಿ ಎಂದು ಅವನು ತನ್ನ ಹೊಲದ ಪಡುವಣ ಬದುವಿನ ಒಣಹುಲ್ಲಿಗೆ ಕಡ್ಡಿ ಗೀರಿದ್ದ. ಪ್ರತಿ ವರ್ಷ ಮಾಡುವ ಕೆಲಸ. ಬೆಳಗಿನ ಗಾಳಿ ಅತ್ತ ಬೀಸುತ್ತಿತ್ತು. ಮಧ್ಯಾಹ್ನಕ್ಕೆ ಅದು ಇತ್ತ ತಿರುಗಿತು.

ಹಗಲಿನ ಬೆಂಕಿ ಕಣ್ಣಿಗೆ ಕಾಣುವುದಿಲ್ಲ, ನಿಮಗೆ ಗೊತ್ತೇ? ನನಗೆ ಗೊತ್ತಿರಲಿಲ್ಲ. ಆ ಬಿಸಿಲಿನಲ್ಲಿ ಜ್ವಾಲೆಗೆ ಬಣ್ಣವೇ ಇರಲಿಲ್ಲ. ಗಾಳಿ ಮಾತ್ರ ನಡುಗುತ್ತಿತ್ತು, ಅದರ ಬುಡದಲ್ಲಿ ಹೊಂಬಣ್ಣದ ಗೋಧಿ ಕಪ್ಪಾಗಿ ಇಲ್ಲವಾಗುತ್ತಿತ್ತು. ಚಟಪಟ ಚಟಪಟ ಎಂದು ಸಾವಿರ ಬಾಣಲೆಯಲ್ಲಿ ಹುರಿದಂಥ ಸದ್ದು. ಅದಕ್ಕೂ ಮೊದಲು ಬಂದದ್ದು ವಾಸನೆ. ಎಷ್ಟು ಹಿತವಾದ ವಾಸನೆ ಅಂದರೆ, ಹೇಳಲು ನಾಚಿಕೆಯಾಗುತ್ತದೆ, ನನಗೆ ಹಸಿವಾಯಿತು. ಯಾರದೋ ಅಡುಗೆ ಅಂದುಕೊಂಡೆ. ಒಬ್ಬನ ಹೊಲ ಉರಿಯುತ್ತಿದ್ದಾಗ ನಾನು ಬಗಲಚೀಲ ಹಿಡಿದು ಮೂಗರಳಿಸಿ ನಿಂತಿದ್ದೆ.

"ಎತ್ತು ಬಿಚ್ಚು," ಎಂದು ಚಿಗವ್ವ ಕೂಗಿದ್ದು ಕೇಳಿತು. ಓಡಿದೆ. ಹಗ್ಗದ ಗಂಟು ಬೆರಳಿಗೆ ಬರಲಿಲ್ಲ. ಇವತ್ತಿಗೂ ಆ ಗಂಟು ನನ್ನ ಬೆರಳುಗಳಲ್ಲಿದೆ. ಲೇಸು ಬಿಚ್ಚಲಾಗದೆ ಒಮ್ಮೊಮ್ಮೆ ಬೂಟನ್ನು ಹಾಗೇ ಎಳೆದು ತೆಗೆಯುತ್ತೇನೆ. ಚಿಗವ್ವ ಬಂದವಳೇ ಕುಡುಗೋಲಿನಿಂದ ಎರಡೂ ಹಗ್ಗ ಕತ್ತರಿಸಿ ಎತ್ತುಗಳನ್ನು ರಸ್ತೆಯ ಕಡೆ ಅಟ್ಟಿದಳು. ನೀರಿನ ಬಾನಿಯಲ್ಲಿ ಗೋಣಿಚೀಲ ಅದ್ದಿ ಒಂದನ್ನು ನನ್ನ ಹೆಗಲಿಗೆ ಒಗೆದಳು. ನಾವು ಪಟ್ಟಿಯ ಕಡೆ ಓಡಿದೆವು.

ಆಗ ಕಂಡ ಫಕೀರಪ್ಪ. ಟವೆಲ್ಲಿನಿಂದ ಬೆಂಕಿ ಬಡಿಯಲು ಹೋಗಿ, ಅದು ಎರಡೂ ಮಗ್ಗುಲಿಗೆ ಹರಡಿದಾಗ ದಾರಿ ಕಾಣದೆ ತನ್ನ ಗೋಧಿಯೊಳಗೇ ನಮ್ಮ ಕಡೆ ಓಡಿ ಬರುತ್ತಿದ್ದ. ಹಿಂದೆ ನಡುಗುವ ಗಾಳಿ. ಸೊಂಟದೆತ್ತರದ ತೆನೆ ಕಾಲಿಗೆ ತೊಡರುತ್ತಿತ್ತು. ಒಮ್ಮೆ ಬಿದ್ದ, ಕಾಣೆಯಾದ. ಎದ್ದ. ಹೊಗೆ ಅವನನ್ನು ದಾಟಿ ಮುಂದೆ ಬಂತು. ಆಮೇಲೆ ಹೊಗೆಯೊಳಗಿಂದ ಹೊರಬಿದ್ದವನು ಬರಿ ಪಟ್ಟಿಯ ಮೇಲೆ ಹನ್ನೆರಡು ಹೆಜ್ಜೆ ಓಡಿ ಹೆಂಟೆಯ ಮೇಲೆ ಬೋರಲು ಬಿದ್ದ.

ಹನ್ನೆರಡು ಹೆಜ್ಜೆ. ಆಮೇಲೆ ನಾನು ಎಷ್ಟೋ ಸಲ ಹೋಗಿ ಅಳೆದಿದ್ದೇನೆ. ಪಟ್ಟಿಯ ಅಗಲ ಐವತ್ತು ಹೆಜ್ಜೆಗೂ ಹೆಚ್ಚು. ಅಲ್ಲಿ ನಾನು ತಂದ ಬೀಜ ಬಿದ್ದಿದ್ದರೆ, ಅದೇ ಸೊಂಟದೆತ್ತರದ ಗೋಧಿಯೊಳಗೆ ಅವನು ಮತ್ತೆ ಅಷ್ಟು ದೂರ ಓಡಬೇಕಾಗಿತ್ತು. ಅವನಲ್ಲಿ ಉಳಿದಿದ್ದುದು ಹನ್ನೆರಡು. ಕ್ಲಾಸಿನಲ್ಲಿ ಬೋರ್ಡಿನಿಂದ ಬಾಗಿಲಿಗೆ ನಡೆಯುವಾಗ ನಾನು ಈಗಲೂ ಎಣಿಸುತ್ತೇನೆ. ಹನ್ನೆರಡಕ್ಕೆ ನಿಲ್ಲುತ್ತೇನೆ. ಹುಡುಗರು ಮುಂದಿನ ವಾಕ್ಯಕ್ಕೆ ಕಾಯುತ್ತಾರೆ.

ಬೆಂಕಿ ಪಟ್ಟಿಯ ಅಂಚಿಗೆ ಬಂತು. ಬಂದು ನಿಂತಿತು. ಅದಕ್ಕೆ ತಿನ್ನಲು ಒಂದು ಹುಲ್ಲುಕಡ್ಡಿಯನ್ನೂ ಚಿಗವ್ವ ಬಿಟ್ಟಿರಲಿಲ್ಲ. ತುದಿಯ ಸಾಲಿನಲ್ಲಿ ಒಂದಷ್ಟು ಹೊತ್ತು ಎಡಕ್ಕೆ ಬಲಕ್ಕೆ ಹುಡುಕಾಡಿ ಕುಗ್ಗತೊಡಗಿತು. ಕಿಡಿಗಳು ಮಾತ್ರ ಹಾರಿ ಬಂದು ನಮ್ಮ ಗೋಧಿಯ ಎರಡು ಕಡೆ ಹೊತ್ತಿಕೊಂಡವು. ಚಿಗವ್ವ ಒಂದು ಕಡೆ, ನಾನೊಂದು ಕಡೆ ಗೋಣಿಚೀಲದಿಂದ ಬಡಿದೆವು. ನನ್ನ ಏಟುಗಳಲ್ಲಿ ಹೆಚ್ಚಿನವು ನನ್ನ ಮೊಣಕಾಲಿಗೇ ಬಿದ್ದವೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಊರವರು ಬೆನ್ನಿಗೆ ಔಷಧದ ಪಂಪು ಕಟ್ಟಿಕೊಂಡು, ಟ್ರ್ಯಾಕ್ಟರಿನಲ್ಲಿ ನೀರಿನ ಟ್ಯಾಂಕು ತಂದು, ಫಕೀರಪ್ಪನ ಹೊಲದ ಉಳಿದರ್ಧವನ್ನೂ ಉಳಿಸಿಕೊಂಡರು. ಅರ್ಧ ಹೋಯಿತು, ಅರ್ಧ ಉಳಿಯಿತು. ನಮ್ಮದು ಒಂದು ಹಾಸಿಗೆಯಷ್ಟು ಜಾಗ ಸುಟ್ಟಿತ್ತು.

ಫಕೀರಪ್ಪ ಎದ್ದು ಕೂತಿದ್ದ. ಹುಬ್ಬು ಸುಟ್ಟುಹೋಗಿತ್ತು, ಅಂಗೈ ಬೊಬ್ಬೆ ಬಂದಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಬೇರೇನೂ ಆಗಿರಲಿಲ್ಲ. ಚಿಗವ್ವ ತಂಬಿಗೆ ಹಿಡಿದು ಅವನ ಪಕ್ಕದಲ್ಲಿ ಕೂತಳು.

"ಅಂಗಳಕ್ಕ ಬಂದೀಯಲ್ಲಪಾ, ಇನ್ನೇನೂ ಅಂಜಬ್ಯಾಡ," ಅಂದಳು. "ನೀರು ಕುಡಿ."

ಅವನು ಕುಡಿದ. ಕುಡಿದು, ಆ ಕಪ್ಪು ಮಣ್ಣನ್ನು ಬೊಬ್ಬೆ ಬಂದ ಕೈಯಿಂದಲೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾನು ಬಗಲಚೀಲಕ್ಕಾಗಿ ಹುಡುಕಿದೆ. ಅದು ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದಿತ್ತು, ಹಾಳೆಗಳ ಮೇಲೆ ಎತ್ತಿನ ಹೆಜ್ಜೆ ಮೂಡಿತ್ತು. ಚಿಗವ್ವನಿಗೆ ಕೊಟ್ಟೆ. ಆ ಲೆಕ್ಕದ ಕೋಷ್ಟಕದಲ್ಲಿ ಬೆಂಕಿಗೆ ಒಂದು ಮನೆ ಇರಲಿಲ್ಲ, ಮನುಷ್ಯನ ಹನ್ನೆರಡು ಹೆಜ್ಜೆಗೂ ಒಂದು ಮನೆ ಇರಲಿಲ್ಲ. ಅವಿಲ್ಲದೆಯೂ ಆಕೆಯೇ ಗೆದ್ದಿದ್ದಳು. ಏನು ಬರೆದಿದೆ ಎಂದು ಕೇಳಿದಳು. ನೀನು ಹೇಳಿದ್ದೇ ಖರೆ ಅಂತ ಬರೆದಿದೆ ಅಂದೆ.

"ಇಷ್ಟು ಹಾಳಿ ಬೇಕಾದವೇನೋ ಅದಕ್ಕ?" ಅಂದಳು.

ಆ ವರ್ಷದ ಹಿಂಗಾರಿಗೆ ಫಕೀರಪ್ಪ ತನ್ನ ಹೊಲವನ್ನು ನಾಲ್ಕು ಪಟ್ಟಿ ಮಾಡಿದ. ನಮ್ಮ ಬದುವಿಗೆ ಹತ್ತಿದ ಪಟ್ಟಿಯನ್ನೇ ಬರಿದಾಗಿ ಬಿಟ್ಟ, ಯಾಕೆಂದರೆ ಆಗ ನಮ್ಮ ಬರಿ ಪಟ್ಟಿಯ ಸರದಿ ಗೋಧಿಯದು. ಅವನ ಆಚೆಯವರಿಗೂ ಚಿಗವ್ವ ಹೇಳಿದಳು, ಎಲ್ಲರೂ ಒಮ್ಮೆಗೇ ಒಂದೇ ಕಡೆ ಬಿಡಬೇಡಿ, ಸರದಿ ಮಾಡಿಕೊಳ್ಳಿ ಎಂದು. ಈಗ ಶಿರಗುಪ್ಪಿಯ ಆ ಬದಿಯಲ್ಲಿ ಆರು ಮನೆಯವರ ಹೊಲಗಳು ಒಂದಕ್ಕೊಂದು ಮಾತಾಡಿಕೊಂಡು ಬಿತ್ತಿಸಿಕೊಳ್ಳುತ್ತವೆ. ಒಂದು ವಾರಕ್ಕೆ ಒಂದೇ ಮನೆಯ ಗೋಧಿ ಕೊಯ್ಲಿಗೆ ಬರುತ್ತದೆ; ಆರು ಮನೆಯ ಆಳು ಸಾಕಾಗುತ್ತದೆ. ಕುರಿ ನಿಲ್ಲಿಸುವವರು ತಾವಾಗಿ ಕೇಳಿಕೊಂಡು ಬರುತ್ತಾರೆ. ಎಲ್ಲ ಚೀಲಗಳೂ ಒಂದೇ ದಿನ ಪೇಟೆಗೆ ಹೋಗುವುದಿಲ್ಲ. ಬದುವಿನ ಹುಲ್ಲಿಗೆ ಯಾರೂ ಕಡ್ಡಿ ಗೀರುವುದಿಲ್ಲ, ಕುರ್ಪಿ ಹಿಡಿಯುತ್ತಾರೆ. ನಾನು ಅರ್ಥಶಾಸ್ತ್ರದ ಮೇಷ್ಟರಾಗಿ ಇಷ್ಟು ವರ್ಷದಲ್ಲಿ ಮಾಡಲಾಗದ್ದನ್ನು ಚಿಗವ್ವ ಬದುವಿನ ಮೇಲೆ ನಿಂತು ಮಾಡಿದಳು.

ಅದೇ ವರ್ಷದ ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಾಗ ಫಕೀರಪ್ಪ ತನ್ನ ಬರಿ ಪಟ್ಟಿಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ರಂಗೋಲಿ ಪುಡಿಯ ಡಬ್ಬಿ. ಅವನ ಹೆಂಡತಿ ಪಕ್ಕದಲ್ಲಿ ನಿಂತು, ಎಲ್ಲಿ ಚುಕ್ಕಿ ತಪ್ಪಿತು ಎಂದು ತೋರಿಸುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವನು ಬಿಡಿಸಿದ್ದು ಹೂವೋ ಎತ್ತಿನ ಗಾಡಿಯ ಗಾಲಿಯೋ ತಿಳಿಯುವಂತಿರಲಿಲ್ಲ. ಹುಬ್ಬು ಮತ್ತೆ ಬೆಳೆದಿತ್ತು, ಒಂದು ಮೇಲೆ ಒಂದು ಕೆಳಗೆ.

"ಕರಸ್ತೇನಿ ಅಂದಿದ್ರಲ್ಲಾ, ನೀಲವ್ವಕ್ಕಾರ," ಅಂದ. "ಕರೀದನ ಬಂದೆ."

ಚಿಗವ್ವ ಆ ವಕ್ರ ರಂಗೋಲಿಯ ಸುತ್ತ ಒಂದು ಸುತ್ತು ಬಂದು ನೋಡಿದಳು. ಒಂದು ಎಳೆ ಕೂಡಿಲ್ಲ ಎಂದು ಬೆರಳು ಮಾಡಿ ತೋರಿಸಿದಳು, ಆಮೇಲೆ ತಾನೇ ಬಗ್ಗಿ ಕೂಡಿಸಿದಳು. ಎರಡೂ ಮನೆಯವರು ಅದರ ಸುತ್ತಲೇ ಕೂತು ಉಂಡೆವು. ಪಕ್ಕದಲ್ಲಿ ನಮ್ಮ ಗೋಧಿ ಮೊಣಕಾಲೆತ್ತರ ಹಸಿರಾಗಿತ್ತು, ಬಿಡುವಿನಿಂದ ಎದ್ದ ನೆಲದಲ್ಲಿ ದಟ್ಟವಾಗಿ. ಎಲ್ಲರೂ ಮಾದಲಿ ಎರಡೆರಡು ಸಲ ಹಾಕಿಸಿಕೊಂಡರು. ನಾನು ಮಾತ್ರ ಎಲೆಯ ಬದಿಗೆ ಸರಿಸಿದೆ.

ಆ ಗೋಧಿ ಹೋದ ಫೆಬ್ರವರಿಯಲ್ಲಿ ಕೊಯ್ಲಿಗೆ ಬಂತು. ತಂದಿಟ್ಟ ಚೀಲಗಳು ಸಾಲದೆ ಕಾಕಾ ಮತ್ತೆ ಊರೊಳಗೆ ಓಡಿದ. ನಮ್ಮ ಪಾಲಿನ ಒಂದು ಚೀಲ ಕೆಲಗೇರಿಗೆ ಬಂತು.

ಇವತ್ತು ಬೆಳಿಗ್ಗೆ ಬಾಣಲೆಯಲ್ಲಿ ಇದ್ದದ್ದು ಅದೇ. ಇದು ನನಗೆ ಬಕೆಟ್ ಇಟ್ಟ ಮೇಲೆ ಹೊಳೆಯಿತು. ಆ ಹನ್ನೆರಡು ಹೆಜ್ಜೆಯ ನೆಲದಿಂದ ಎದ್ದ ಕಾಳು. ಅಷ್ಟರಲ್ಲಿ ಹೆಂಡತಿಯ ಫೋನು ಸದ್ದು ಮಾಡಿತು, ಆಕೆ ಸೌಟನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ಓಡಿಹೋಗುವಂತಿರಲಿಲ್ಲ, ಕೈಬಿಟ್ಟರೆ ತಳ ಹತ್ತುತ್ತದೆ. ಕೈಯಾಡಿಸಿದೆ. ಚಟಪಟ ಎಂದವು. ಸೌಟು ನಿಲ್ಲಿಸಲಿಲ್ಲ. ಕಾಳು ಕೆಂಪಗಾಗುತ್ತ ಬಂತು.

ಹೆಂಡತಿ ಫೋನನ್ನು ತಂದು ನನ್ನ ಕಿವಿಗೆ ಹಿಡಿದಳು. ಚಿಗವ್ವ. ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ವಿಚಾರಿಸಿ, ತನ್ನ ಎಂದಿನ ಪರೀಕ್ಷೆಯನ್ನೂ ಮಾಡಿದಳು. ಈಗ ಆ ಪಡುವಣ ಪಟ್ಟಿಯಲ್ಲಿ ಕಡಲೆ ನಿಂತಿದೆಯಲ್ಲ, ಮುಂದಿನ ವರ್ಷ ಅಲ್ಲಿ ಏನು?

"ಜೋಳ," ಅಂದೆ. "ಅದರ ಮುಂದಿನ ವರ್ಷ ಅಂಗಳ."

"ಹೂಂ," ಅಂದಳು. "ಈ ಸಲ ನಾಕು ತಿಂಗಳು ಹಿಡೀಲಿಲ್ಲ ನೋಡು."

ಒಲೆ ಆರಿಸಿದೆ. ಅಡುಗೆಮನೆ ತುಂಬ ಆ ವಾಸನೆ ನಿಂತಿತ್ತು. ಹೊಟ್ಟೆ ಹಸಿದಿತ್ತು. ಈ ಸಲ ಅದಕ್ಕೆ ನಾಚದೆ, ಬಾಣಲೆಯಿಂದ ಬಿಸಿಬಿಸಿ ನಾಲ್ಕು ಕಾಳು ಎತ್ತಿ ಬಾಯಿಗೆ ಹಾಕಿಕೊಂಡೆ.